ಕೆಲಸ ಇಲ್ಲ ಅಂತ ರುಜುವಾತು ಮಾಡಿದ ಎಂಟು ತಿಂಗಳು

ಕೆಲಸ ಇರುವವನಿಗೆ ನಗೆಪಾಟಲಿನ ಪ್ರಸಂಗಗಳು ವರ್ಷಕ್ಕೆ ಒಂದೋ ಎರಡೋ. ಕೆಲಸ ಹೋದವನಿಗೆ ಮುಂಜಾನೆಯ ಚಹಾದ ಹೊತ್ತಿಗೆ ಒಂದು, ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೊಂದು. ನಾನು ಯಾವುದನ್ನೂ ಹುಡುಕಿಕೊಂಡು ಹೋಗಲಿಲ್ಲ. ಅವೇ ನಮ್ಮ ಮನೆಯ ವಿಳಾಸ ಕೇಳಿಕೊಂಡು ಬಂದವು.

ನಾನು ಅಕ್ಕೋಳದವನು. ನಿಪ್ಪಾಣಿ ಹಾದಿಯಲ್ಲಿದ್ದ ಒಂದು ನೂಲಿನ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿದ್ದೆ. ಮಿಲ್ಲಿನಲ್ಲೂ ಊರಲ್ಲೂ ನನ್ನನ್ನು ಮಿಸ್ತ್ರಿ ಅನ್ನುತ್ತಾರೆ. ಒಂದು ದಿನ ಮಿಲ್ಲು ನಿಂತಿತು. ಗಡಿ ದಾಟಿ ಇಚಲಕರಂಜಿಯ ಮಿಲ್ಲುಗಳಿಗೂ ಹೋಗಿ ಕೇಳಿದೆ. ನನ್ನ ಬಿಳಿ ಮೀಸೆ ನೋಡಿ ಕುಡಿಯಲು ನೀರು ಕೊಟ್ಟು ಕಳಿಸಿದರು.

ಪ್ರತಿ ತಿಂಗಳು ನಮ್ಮ ಪಗಾರದಲ್ಲಿ ಕಾರ್ಮಿಕರ ವಿಮೆ ಅಂತ ಸ್ವಲ್ಪ ಹಿಡಿಯುತ್ತಿದ್ದರು. ತನ್ನ ತಪ್ಪಿಲ್ಲದೆ ಕೆಲಸ ಕಳೆದುಕೊಂಡವನಿಗೆ ಆ ವಿಮೆಯಿಂದ ಮೂರು ತಿಂಗಳು ಅರ್ಧ ಪಗಾರ ಸಿಗುತ್ತದೆ. ಅದೂ ಜೀವಮಾನದಲ್ಲಿ ಒಂದೇ ಸಲ, ಅದೂ ಕೆಲಸ ಹೋಗಿ ಒಂದು ವರ್ಷದೊಳಗೆ ಕೇಳಿದರೆ ಮಾತ್ರ. ಅದಕ್ಕೆ ನಿರುದ್ಯೋಗ ಭತ್ಯೆ ಅಂತ ದೊಡ್ಡ ಹೆಸರು.

ಮೂರು ತಿಂಗಳ ಅರ್ಧ ಪಗಾರಕ್ಕೆ ಇಷ್ಟು ಓಡಾಟ ಯಾಕೆ ಅಂತ ಬಹಳ ಮಂದಿ ಕೇಳಿದರು. ಕಾರಣ ನನ್ನ ಹೆಂಡತಿ. ಮಿಲ್ಲು ನಿಂತ ಮೂರನೇ ವಾರಕ್ಕೆ ಅವಳು ನಿಪ್ಪಾಣಿಯ ತಂಬಾಕಿನ ವಖಾರಕ್ಕೆ ಕೂಲಿಗೆ ಹೋದಳು. ವಖಾರ ಅಂದರೆ ತಂಬಾಕು ತುಂಬಿಡುವ ಗೋದಾಮು. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ತಂಬಾಕಿನ ಪುಡಿ ಸಾಣಿಸುತ್ತಾರೆ. ಅವಳಿಗೆ ಮೊದಲೇ ದಮ್ಮಿನ ಬೇನೆ. ಅವಳ ಅವ್ವ ಅದೇ ಕೆಲಸ ಮಾಡಿ ಕೆಮ್ಮಿ ಕೆಮ್ಮಿ ಸತ್ತವಳು. ನಮ್ಮ ಮದುವೆಯಲ್ಲಿ ಆ ಮುದುಕಿ ನನ್ನನ್ನು ಒಂದೇ ಮಾತು ಕೇಳಿದ್ದಳು, ಮಗಳನ್ನು ವಖಾರಕ್ಕೆ ಮಾತ್ರ ಕಳಿಸಬೇಡ ಅಂತ. ಇಪ್ಪತ್ತೈದು ವರ್ಷ ಆ ಮಾತು ನಡೆಸಿದ್ದೆ. ಭತ್ಯೆ ಬಂದ ದಿನ ಹೆಂಡತಿಯನ್ನು ಅಲ್ಲಿಂದ ಬಿಡಿಸಬೇಕು ಅಂತ ಮನಸ್ಸಿನಲ್ಲೇ ಆಣೆ ಮಾಡಿದೆ. ಉಳಿದದ್ದೆಲ್ಲ ಆ ಆಣೆಯ ಫಜೀತಿ.

೧. ಊಟದ ಸುಟ್ಟಿ

ನಮ್ಮ ಮಿಲ್ಲು ಬಂದ್ ಆಯಿತು ಅಂತ ಯಾರೂ ನಮಗೆ ಹೇಳಲಿಲ್ಲ. ಗೇಟಿನ ಮೇಲೆ ಒಂದು ಕಾಗದ ಅಂಟಿಸಿದ್ದರು. ಮೇಲೆ ಮರಾಠಿ, ಕೆಳಗೆ ಕನ್ನಡ. ಮುಂದಿನ ಸೂಚನೆಯವರೆಗೆ ಉತ್ಪಾದನೆ ನಿಲ್ಲಿಸಲಾಗಿದೆ ಅಂತ ಎರಡೂ ಭಾಷೆಯಲ್ಲಿ ಇತ್ತು. ಮ್ಯಾನೇಜರ್ ಸಾಹೇಬರನ್ನು ಕೇಳಿದರೆ, "ಬಂದ್ ಅಲ್ಲಪ್ಪಾ. ನಿಂತೈತಿ ಅಷ್ಟ" ಅಂದರು.

ನಿಂತದ್ದು ಯಾವಾಗಲಾದರೂ ಚಾಲೂ ಆಗಬಹುದಲ್ಲ. ಆ ಹೊತ್ತಿಗೆ ನಾವು ಅಲ್ಲಿ ಇರದಿದ್ದರೆ ಗೈರುಹಾಜರಿ ಬೀಳುತ್ತದೆ. ಹಾಗಾಗಿ ಹನ್ನೊಂದು ದಿನ ನಾವು ಮೂವತ್ತು ಮಂದಿ ಡಬ್ಬಿ ಕಟ್ಟಿಕೊಂಡು ಬಂದು ಗೇಟಿನ ಎದುರಿನ ಬೇವಿನ ಮರದ ಕೆಳಗೆ ಕೂತೆವು. ಯಾರೂ ಎಲೆ ಅಡಿಕೆ ಹಾಕಲಿಲ್ಲ. ಡ್ಯೂಟಿ ವೇಳೆಯಲ್ಲಿ ಹಾಕುವ ಹಾಗಿರಲಿಲ್ಲವಲ್ಲ.

ಒಳಗೆ ಉಳಿದದ್ದು ವಾಚ್‌ಮನ್ ಕಾಕಾ ಒಬ್ಬರೇ. ಅವರು ದಿನಕ್ಕೆ ಮೂರು ಸಲ ಭೋಂಗಾ, ಅಂದರೆ ಪಾಳಿಯ ಸೈರನ್ನು, ಊದುವುದನ್ನು ನಿಲ್ಲಿಸಲಿಲ್ಲ. ಸುತ್ತಲಿನ ಹೊಲದವರು, ಹಾಲಿನ ಡೇರಿಯವರು, ಸಾಲೆಯ ಮಾಸ್ತರರು ಎಲ್ಲ ಆ ಭೋಂಗಾದ ಮೇಲೆ ಗಡಿಯಾರ ಇಟ್ಟವರು. ಹನ್ನೆರಡೂವರೆಯ ಭೋಂಗಾ ಊಟದ ಬಿಡುವಿನದು. ಅದು ಆದ ಕೂಡಲೇ ನಾವೂ ಮೂವತ್ತು ಡಬ್ಬಿ ಒಟ್ಟಿಗೆ ಬಿಚ್ಚುತ್ತಿದ್ದೆವು. ಒಂದು ಗಂಟೆಗೆ ಕೈ ತೊಳೆದು ಮತ್ತೆ ಸುಮ್ಮನೆ ಕೂಡುವ ಕೆಲಸಕ್ಕೆ ಹಾಜರು.

ಹತ್ತನೇ ದಿನವೋ ಹನ್ನೊಂದನೇ ದಿನವೋ, ಕಾಕಾನಿಗೆ ನಿದ್ದೆ ಹತ್ತಿರಬೇಕು, ಭೋಂಗಾ ಹದಿನೈದು ಮಿನಿಟು ತಡ ಆಯಿತು. ನಮ್ಮ ಜೊತೆ ಕೂತಿದ್ದ ಭೋಜ ಊರಿನ ಒಬ್ಬ ನೂಲು ಸುತ್ತುವ ವೈಂಡರ್ ಸಿಟ್ಟಿನಿಂದ ಎದ್ದು ಗೇಟು ಬಡಿದ.

"ಕಾಕಾ, ಭೋಂಗಾ ವ್ಯಾಳ್ಯಾಕ್ಕ ಊದ್ರಿ. ನಮ್ಮ ಊಟದ ಸುಟ್ಟಿ ಕಡಿಮಿ ಆಗಾಕತ್ತೈತಿ."

೨. ನಾನು ಗೃಹಿಣಿ ಆದದ್ದು

ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬೇಕು ಅಂದರು. ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೆಂಟರ್ ಇದೆ. ಅದನ್ನು ನಡೆಸುವವನು ನನ್ನ ವಯಸ್ಸಿನವನೇ. ಮೊದಲು ಎಸ್‌ಟಿಡಿ ಬೂತು, ಆಮೇಲೆ ಝೆರಾಕ್ಸ್, ಈಗ ಆನ್‌ಲೈನ್. ಅವನ ಕುರ್ಚಿ ಮಾತ್ರ ಮೊದಲಿನದೇ. ಕಂಪ್ಯೂಟರ್ ನೋಡುತ್ತ ಅವನು ಒಂದು ಕಡೆ ತಡೆದ.

"ಮಿಸ್ತ್ರಿ, ಉದ್ಯೋಗ ಏನ ಹಾಕ್ಲಿ?"

"ಉದ್ಯೋಗ ಇಲ್ಲ ಅಂತನ ಅರ್ಜಿ ಹಾಕಾಕತ್ತೇವಲ್ಲೋ ಮಾರಾಯ."

"ಇಲ್ಲ ಅನ್ನೂದು ಈ ಯಾದಿಯೊಳಗ ಇಲ್ರಿ. ಖಾಸಗಿ ನೌಕರ ಅಂತ ಹಾಕಿದ್ರ ನೌಕರಿ ಐತೆಲ್ಲಾ ಅಂತಾರ. ನಿವೃತ್ತ ಅಂತ ಹಾಕಿದ್ರ ಪೆನ್ಶನ್ ನಂಬರ ಕೇಳತೈತಿ. ರೈತ?"

"ಹೊಲ ಇಲ್ಲ."

"ವ್ಯಾಪಾರಿ? ವಿದ್ಯಾರ್ಥಿ?"

ನಾನು ನನ್ನ ಬಿಳಿ ಮೀಸೆ ತೋರಿಸಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು ಡಾಕ್ಟರು ಕೇಳುವ ಹಾಗೆ ಕೇಳಿದ:

"ಈಗ ದಿನಾ ಎಲ್ಲಿರ್ತೀರಿ?"

"ಮನ್ಯಾಗ."

"ಏನ ಮಾಡ್ತೀರಿ?"

"ನೀರ ತುಂಬತೇನಿ. ಕಸ ಹೊಡಿತೇನಿ. ಆಕಿ ವಖಾರಕ್ಕ ಹೋಗ್ತಾಳ. ಮಗಳು ಪರೀಕ್ಷೆ ಪರೀಕ್ಷೆ ಅಂತ ಓದಾಕತ್ತಾಳ. ರೊಟ್ಟಿನೂ ನಾನ ಬಡಿತೇನಿ."

"ಆತ ಬಿಡ್ರಿ" ಅಂದವನು ಏನೋ ಒತ್ತಿ, ರಸೀದಿ ಕೈಗೆ ಕೊಟ್ಟ. ಬಸ್ಸಿನಲ್ಲಿ ಕೂತು ನೋಡಿದೆ. ಉದ್ಯೋಗ: ಗೃಹಿಣಿ. ಇಳಿದು ಹೋಗಿ ಬದಲಿಸಲು ಹೇಳಬೇಕಿತ್ತು. ಆದರೆ ಬಸ್ಸು ಬಿಟ್ಟಾಗಿತ್ತು, ಮುಂದಿನದಕ್ಕೆ ಒಂದೂವರೆ ತಾಸು ಕಾಯಬೇಕಿತ್ತು. ಹೆಸರಲ್ಲಿ ಏನಿದೆ, ಅರ್ಜಿ ಹೋಗಿದೆಯಲ್ಲ ಅಂತ ಸುಮ್ಮನಾದೆ. ಇದು ನನ್ನದೇ ಮೂರ್ಖತನ, ಯಾರನ್ನೂ ಬೈಯುವ ಹಾಗಿಲ್ಲ.

ಒಂದು ತಿಂಗಳ ಮೇಲೆ ಅರ್ಜಿ ತಿರುಗಿ ಬಂತು. ಗೃಹಿಣಿಯರಿಗೆ ಈ ಯೋಜನೆ ಅನ್ವಯಿಸುವುದಿಲ್ಲ ಅಂತ ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. ವಖಾರದಿಂದ ಆಗಷ್ಟೇ ಬಂದು ಕಟ್ಟೆಯ ಮೇಲೆ ಕೂತಿದ್ದ ಹೆಂಡತಿ ನಕ್ಕಳು. ಮಿಲ್ಲು ನಿಂತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೂ ಖುಷಿಯಾಯಿತು. ಆದರೆ ನಗು ಹೋಗಿ ಕೆಮ್ಮಿಗೆ ತಗಲಿತು, ಕೆಮ್ಮು ನಿಲ್ಲಲೇ ಇಲ್ಲ. ಮಗಳು ಬೆನ್ನು ತಿಕ್ಕಿದಳು, ನಾನು ನೀರು ತಂದೆ. ಅರ್ಧ ತಂಬಿಗೆ ಕುಡಿದು, ಉಸಿರು ಹತೋಟಿಗೆ ಬಂದ ಮೇಲೆ ಅವಳು ಹೇಳಿದ್ದು ಇಷ್ಟೇ:

"ನೀವೆಲ್ಲಿ ಗೃಹಿಣಿ ಬಿಡ್ರಿ. ಎರಡ ತಿಂಗಳಾತು, ಇನ್ನೂ ನಿಮ್ಮ ರೊಟ್ಟಿ ಹರಿತಾವ."

೩. ತೊಗಲಿನ ಸಾಕ್ಷಿ

ಎರಡನೇ ಸಲದ ಅರ್ಜಿ ಸರಿಯಾಗಿ ಹೋಯಿತು. ಈಗ ವಿಮಾ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಬೇಕು. ಅಲ್ಲಿ ಅಥಣಿ ಕಡೆಯ ಒಬ್ಬ ಮೇಡಂ ಕೂಡುತ್ತಿದ್ದರು. ಮಾತು ಕಡಿಮೆ, ಆದರೆ ಕೆಟ್ಟವರಲ್ಲ. ಸಾಲಿನಲ್ಲಿ ನಿಂತವರಿಗೆ ಕೂಡಲು ಬೆಂಚು ಹಾಕಿಸಿದವರು ಅವರೇ.

ಬೆರಳು ಇಡುವ ಯಂತ್ರ ನನ್ನನ್ನು ಒಪ್ಪಲಿಲ್ಲ. ಬಲಗೈ ಇಟ್ಟೆ, ಕೆಂಪು ದೀಪ. ಎಡಗೈ ಇಟ್ಟೆ, ಮತ್ತೆ ಕೆಂಪು. ಹತ್ತೂ ಬೆರಳು ಆಯಿತು. ಇಪ್ಪತ್ತೆರಡು ವರ್ಷ ಎಣ್ಣೆ, ನೂಲು, ಕಬ್ಬಿಣದಲ್ಲಿ ತೇಯ್ದು ಗೆರೆ ಅನ್ನುವುದೇ ಉಳಿದಿರಲಿಲ್ಲ. ಸಾಲಿನವರಿಗೆಲ್ಲ ಒಂದು ಕೆಲಸ ಸಿಕ್ಕ ಹಾಗಾಯಿತು. ಒಬ್ಬರು ಬೆರಳನ್ನು ತಲೆಗೂದಲಿಗೆ ತಿಕ್ಕಿ ಅಂದರು. ನನ್ನ ತಲೆಯಲ್ಲಿ ಅದಕ್ಕೂ ಸಾಮಾನಿಲ್ಲ. ಇನ್ನೊಬ್ಬರು ಲಿಂಬೆಹಣ್ಣು ಅಂದರು. ರಾಯಬಾಗದ ಕಡೆಯ ಒಬ್ಬ ಮುದುಕ ಬೆಣ್ಣೆ ಹಚ್ಚಿ ಅಂದ. ಮೇಡಂ ತಲೆ ಎತ್ತಿ, "ಬೆಣ್ಣಿ ಹಚ್ಚಿ ನನ್ನ ಮಷಿನಿಗೆ ಇಟ್ಟೀರಿ ಮತ್ತ" ಅಂದರು.

ಮುಂದಿನ ತಿಂಗಳು ಬರಲು ಹೇಳಿದರು. ಹೋದೆ, ಕೆಂಪು. ಅದರ ಮುಂದಿನ ತಿಂಗಳೂ ಕೆಂಪು. ಕೆಲಸ ಹೋಗಿ ಐದು ತಿಂಗಳಾದ ಮೇಲೆ ಒಂದು ದಿನ ಹೆಬ್ಬೆಟ್ಟು ಇಟ್ಟ ಕೂಡಲೇ ಹಸಿರು ದೀಪ ಹತ್ತಿತು. ಮೇಡಂಗೂ ಆಶ್ಚರ್ಯ.

"ಏನ ಹಚ್ಚಿದ್ರಿ?"

"ಏನೂ ಹಚ್ಚಿಲ್ರಿ ಮೇಡಂ. ಕೆಲಸಿಲ್ಲ, ಅದಕ್ಕ ಬೆರಳಿಗೆ ಗೆರಿ ಬಂದಾವ."

ಹಿಂದೆ ನಿಂತವನೊಬ್ಬ ನನ್ನ ಪರ ವಕೀಲಿ ಶುರು ಮಾಡಿದ. "ಮೇಡಂ, ಇವ್ರಿಗೆ ಕೆಲಸಿಲ್ಲ ಅನ್ನಾಕ ಇನ್ನ ಯಾವ ಕಾಗದ ಬೇಕ್ರಿ? ತೊಗಲ ಸಾಕ್ಷಿ ಹೇಳಾಕತ್ತೈತಿ."

"ಖರೇ ಐತ್ರಿ" ಅಂತ ಮೇಡಂ ಕೈಯಲ್ಲಿದ್ದ ಕಚೇರಿಯ ಮೊಹರು ಎತ್ತಿ ತೋರಿಸಿದರು. "ಆದ್ರ ತೊಗಲಿಗೆ ಸಿಕ್ಕಾ ಹೊಡಿಯಾಕ ಬರಂಗಿಲ್ಲ."

ಆ ದಿನ ಬಸ್ಸಿನಲ್ಲಿ ನನ್ನ ಹೆಬ್ಬೆಟ್ಟನ್ನೇ ನೋಡುತ್ತ ಬಂದೆ. ಯಾರದೋ ಬೆರಳು ನನ್ನ ಕೈಗೆ ಹಚ್ಚಿದ ಹಾಗಿತ್ತು. ಅದೇ ವಾರ ರೇಷನ್ ಅಂಗಡಿಯಲ್ಲಿ ಹೆಂಡತಿಯ ಹೆಬ್ಬೆಟ್ಟು ಹತ್ತಲಿಲ್ಲ. ತಂಬಾಕಿನಲ್ಲಿ ತೇಯ್ದುಹೋಗಿತ್ತು. ನಮ್ಮ ಮನೆಗೆ ಗೆರೆ ಇರುವ ಬೆರಳು ಒಬ್ಬರಿಗೇ ಮಂಜೂರಾಗಿದೆ ಅಂತ ಕಾಣುತ್ತದೆ.

೪. ಬೈಕಿನ ಮೇಲೆ ಬಂದವರು

ನನಗೆ ನಿಜವಾಗಿಯೂ ಕೆಲಸ ಇಲ್ಲವೋ, ಬೇರೆ ಎಲ್ಲಾದರೂ ದುಡಿಯುತ್ತಿದ್ದೇನೋ ಅಂತ ನೋಡಲು ಕಚೇರಿಯಿಂದ ಒಬ್ಬ ಸಾಹೇಬರು ಊರಿಗೆ ಬಂದರು. ಮುಂಚೆ ಹೇಳದೆ ಬರುವುದೇ ಪದ್ಧತಿಯಂತೆ. ಇನ್ ಮಾಡಿದ ಅಂಗಿ, ಬೈಕು, ಕೈಯಲ್ಲಿ ಒಂದು ಡೈರಿ. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕೇಳಿದರು: "ಮಿಲ್ಲಿನ ಮಿಸ್ತ್ರಿ ಮನಿ ಎಲ್ಲೈತ್ರಿ? ಮನುಷ್ಯಾ ಹೆಂಗದಾರ? ಏನ ಕೆಲಸ ಮಾಡ್ತಾರ?"

ನಮ್ಮ ಕಡೆ ಗೊತ್ತಿಲ್ಲದ ಮನುಷ್ಯ ಬೈಕಿನ ಮೇಲೆ ಬಂದು ಈ ಮೂರು ಪ್ರಶ್ನೆ ಕೇಳಿದರೆ ಅದಕ್ಕೆ ಒಂದೇ ಅರ್ಥ. ಗಂಡಿನ ಕಡೆಯವರು ಹೆಣ್ಣಿನ ಮನೆತನ ವಿಚಾರಿಸಲು ಬಂದಿದ್ದಾರೆ. ಆಗ ಊರಿನವರೆಲ್ಲ ಜಗಳ, ಹಳೇ ಹಗೆ, ಎಲ್ಲ ಮರೆತು ಆ ಮನೆಯನ್ನು ಎತ್ತಿ ಹೇಳಬೇಕು. ಯಾರೂ ಬರೆದಿಟ್ಟ ನಿಯಮ ಅಲ್ಲ, ಆದರೆ ಇದನ್ನು ಮುರಿದವನ ಮಗಳಿಗೂ ಗಂಡು ಸಿಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ನನ್ನ ಮಗಳು ಚಿಕ್ಕೋಡಿಯಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ ಅನ್ನುವುದೂ ಎಲ್ಲರಿಗೂ ಗೊತ್ತು.

ಚಹಾದಂಗಡಿಯವನು ಆ ಸಾಹೇಬರಿಗೆ ಚಹಾಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ. "ಮಿಲ್ ಅಂದ್ರ ಮಿಸ್ತ್ರಿ, ಮಿಸ್ತ್ರಿ ಅಂದ್ರ ಮಿಲ್. ಅವರ ಕೈ ಹತ್ತದ ಒಂದ ಮಷಿನೂ ತಿರಗಂಗಿಲ್ರಿ" ಅಂದ.

ಕಿರಾಣಿ ಅಂಗಡಿಯ ಅಣ್ಣಾ ಜೈನರು. ಸುಳ್ಳು ಅಂದರೆ ದೂರ. ನನ್ನ ಸಲುವಾಗಿ ಅವತ್ತು ಅವರೂ ನಿಯಮ ಸಡಿಲಿಸಿದರು. "ಮೊನ್ನೆನ ಪಗಾರ ಹೆಚ್ಚಾಗೇತ್ರಿ" ಅಂದರು.

ನಮ್ಮ ಬಾಜೂ ಮನೆಯ ಕಾಕು, ಅಂದರೆ ಚಿಕ್ಕಮ್ಮ ಅನ್ನುವಂಥವಳು, ಆ ಸಾಹೇಬರನ್ನು ಒಳಗೆ ಕರೆದು ಅವಲಕ್ಕಿ ಕೊಟ್ಟಳು. "ಮಿಸ್ತ್ರಿ ಹೇಣ್ತಿ ದೇವರಂಥಾಕಿ. ಹೊಸ್ತಲಾ ದಾಟಿ ದುಡಿಯಾಕ ಹೋದಾಕಿ ಅಲ್ಲ. ಅಂಥಾ ಪರಿಸ್ಥಿತಿ ಆ ಮನಿಗೆ ಬಂದ ಇಲ್ಲ" ಅಂದಳು. ಆ ಹೊತ್ತಿನಲ್ಲಿ ನನ್ನ ಹೆಂಡತಿ ಮೂಗಿಗೆ ಸೆರಗು ಕಟ್ಟಿಕೊಂಡು ವಖಾರದಲ್ಲಿದ್ದಳು. ನಾನು ನನಗೆ ಕೆಲಸ ಇಲ್ಲ ಅಂತ ಪ್ರಮಾಣಪತ್ರ ಮಾಡಿಸಲು ನಿಪ್ಪಾಣಿಯಲ್ಲಿ ನೋಟರಿಯ ಮುಂದೆ ನಿಂತಿದ್ದೆ.

ಸಂಜೆ ಊರಿಗೆ ಬಂದರೆ ಕಾಕು ಅಡ್ಡಗಟ್ಟಿದಳು. "ತಮ್ಮಾ, ಬಾಯಿ ಸಿಹಿ ಮಾಡ. ದೊಡ್ಡ ಮನಿತನ ಕಾಣಸತೈತಿ. ನಾವು ಹೇಳಿದ್ದನ್ನೆಲ್ಲಾ ಆ ಮನುಷ್ಯಾ ಡೈರ್ಯಾಗ ಬರಕೊಂಡ." ಬರೆದುಕೊಳ್ಳುವ ಬೀಗರನ್ನು ನಾನು ಎಂದೂ ಕಂಡಿರಲಿಲ್ಲ.

ಹದಿನೈದು ದಿನಕ್ಕೆ ವರದಿ ಬಂತು. ಅರ್ಜಿದಾರರು ಮಿಲ್ಲಿನಲ್ಲಿ ಪ್ರಮುಖ ಹುದ್ದೆಯಲ್ಲಿದ್ದು, ಇತ್ತೀಚೆಗೆ ವೇತನವೂ ಹೆಚ್ಚಾಗಿರುತ್ತದೆ. ಕುಟುಂಬದ ಸ್ಥಿತಿ ಉತ್ತಮ.

ನಾನು ಚಹಾದಂಗಡಿಯ ಮುಂದೆ ನಿಂತು ಎಲ್ಲರಿಗೂ ಬಾಯಿಗೆ ಬಂದ ಹಾಗೆ ಬೈದೆ. ನನ್ನ ಹೆಂಡತಿಯ ಕೆಮ್ಮು ನಿಮ್ಮ ಕಿವಿಗೆ ಬೀಳುವುದಿಲ್ಲವೇ ಅಂತ ಕೇಳಿದೆ. ಬೀಳುತ್ತದೆ ಅಂತ ನನಗೂ ಗೊತ್ತಿತ್ತು. ಒಳ್ಳೆಯದಾಗಲಿ ಅಂತಲೇ ಹೇಳಿದವರು. ಕೊನೆಗೆ ಸಿಟ್ಟು ಇಳಿದು, ಕಚೇರಿಗೆ ಬಂದು ಖರೇ ಹೇಳುತ್ತೀರಾ ಅಂತ ಕೇಳಿದೆ. ಅಣ್ಣಾ ಎದ್ದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಎಲ್ಲಾರೂ ಬರ್ತೇವಿ. ಆದ್ರ ಮೊದಲ ಒಂದ ಮಾತ ವಿಚಾರಸು. ಆ ಸಾಹೇಬರಿಗೆ ಲಗ್ನಕ್ಕ ಬಂದ ಮಗ ಅದಾನೇನ? ಇದ್ರ, ನಾವು ಹೇಳಿದ್ದನ್ನ ಬದಲ ಮಾಡೂದ ಬ್ಯಾಡ."

೫. ಪಗಾರಕ್ಕೆ ಹೆದರಿ ಓಡಿದ್ದು

ಊರಿನವರನ್ನು ಕರೆದುಕೊಂಡು ಹೋಗುವ ಪ್ರಸಂಗ ಬರಲಿಲ್ಲ. ಮೇಡಂ ಬೇಡ ಅಂದರು.

"ಊರವರ ಮಾತ ಕೇಳಿದ್ದ ಸಾಕ್ರಿ. ಮಿಲ್ಲಿನವರ ಕಡಿಂದ ಒಂದ ಪತ್ರಾ ತರ್ರಿ, ಇಂಥಾ ತಾರೀಖಿಗೆ ಮಿಲ್ ಬಂದ್ ಆಗೇತಿ ಅಂತ. ಮತ್ತ ನೆನಪಿರ್ಲಿ, ಆ ತಾರೀಖಿನ ಮುಂದ ಎಲ್ಲೇರ ಒಂದ ದಿನದ ಪಗಾರ ತಗೊಂಡಿದ್ರೂ ನಿಮ್ಮ ಅರ್ಜಿ ಮುಗೀತು."

ಮ್ಯಾನೇಜರ್ ಸಾಹೇಬರ ಬಳಿ ಹೋದೆ. ಅವರಿಗೂ ಪಗಾರ ಇರಲಿಲ್ಲ, ಆದರೆ ಕುರ್ಚಿ ಇತ್ತು. "ಒಳಗ ಮಷಿನ್ ಇರೂತನಕ ಬಂದ್ ಅಂತ ಹೆಂಗ ಬರದ ಕೊಡ್ಲಿ? ಮಷಿನ್ ಮಾರ್ಯಾರ. ಶೆಡ್ ಖಾಲಿ ಆದ ದಿನ ಪತ್ರಾ ಕೊಡತೇನಿ" ಅಂದರು. ಕೊಂಡವರು ಕೊಲ್ಲಾಪುರ ಕಡೆಯವರು. ಮೂರು ಮಂದಿ ಒಬ್ಬ ಮುಕಾದಮನ, ಅಂದರೆ ಕೂಲಿಯಾಳುಗಳ ಮುಖಂಡನ, ಜೊತೆ ಬಂದು ಎಂಟು ದಿನ ಆಗಿತ್ತು. ಅವರಿಗೆ ಬೋಲ್ಟು ಎಲ್ಲಿ ಸಿಗುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಎಂಟು ದಿನದಲ್ಲಿ ಒಂದು ಮಷಿನು ಬಿಚ್ಚಿದ್ದರು. ಇನ್ನೂ ಹತ್ತು ಬಾಕಿ. ಈ ಲೆಕ್ಕದಲ್ಲಿ ನನ್ನ ಹೆಂಡತಿ ಇನ್ನೂ ಮೂರು ತಿಂಗಳು ವಖಾರದಲ್ಲಿ. ಅವಳು ಈಗ ಮೆಟ್ಟಿಲು ಹತ್ತಿದರೆ ನಡುವೆ ಒಮ್ಮೆ ಕೂಡುತ್ತಿದ್ದಳು.

ನಾನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಅವರ ಸ್ಪ್ಯಾನರಿಗೆ ಕೈ ಚಾಚಿ, "ಪಾನಾ ಕೊಡ್ರಿ ಇಲ್ಲಿ" ಅಂದೆ.

ಒಂಬತ್ತು ದಿನ ಹಿಡಿಯಿತು. ಯಾವ ಬೋಲ್ಟು ಯಾಕೆ ಬಿಗಿ, ಯಾವುದು ಎಡಕ್ಕೆ ತಿರುಗುತ್ತದೆ, ಎಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ. ಅವುಗಳಲ್ಲಿ ನಾಲ್ಕು ಮಷಿನು ನಾನೇ ಕೂಡಿಸಿದ್ದು. ನಾಲ್ಕನೆಯದನ್ನು ಬಿಚ್ಚುವಾಗ ಅಳು ಬಂತು. ಅತ್ತುಬಿಟ್ಟೆ. ಕೊಲ್ಲಾಪುರದವರು ಕಣ್ಣಿಗೆ ಎಣ್ಣೆ ಸಿಡಿಯಿತೇನೋ ಅಂತ ಅರಿವೆ ತಂದುಕೊಟ್ಟರು.

ಒಂಬತ್ತನೇ ದಿನ ಸಂಜೆ ಕೊನೆಯ ಸಾಮಾನು ಲಾರಿಗೆ ಏರಿತು. ಕೈ ತೊಳೆಯುತ್ತಿದ್ದೆ. ಮುಕಾದಮ ನೋಟು ಹಿಡಿದುಕೊಂಡು ಬಂದ.

"ಘ್ಯಾ ಮಿಸ್ತ್ರಿ. ನಊ ದಿವಸಾಚಾ ಪಗಾರ."

ಒಂಬತ್ತು ದಿನದ ಪಗಾರ ಅಂತ ಕಿವಿಗೆ ಬಿದ್ದ ಕೂಡಲೇ ಮೇಡಂ ಕೊಟ್ಟ ಎಚ್ಚರಿಕೆ ನೆನಪಾಯಿತು. ಬೇಡ ಅಂದೆ. ಅವನು ಸಂಕೋಚ ಅಂದುಕೊಂಡ. ಕೈ ಹಿಡಿದು ಕಿಸೆಗೆ ತುರುಕಲು ಬಂದ. ದುಡಿದವನ ದುಡ್ಡು ಇಟ್ಟುಕೊಂಡರೆ ಪಾಪ ಅಂತ ಆಣೆ ಹಾಕಿದ. ಒಳ್ಳೆಯ ಮನುಷ್ಯ. ನಾನು ಕೈ ಕೊಸರಿಕೊಂಡು ಓಡಿದೆ. ಅವನು ನೋಟು ಹಿಡಿದು ಬೆನ್ನ ಹತ್ತಿದ. ಖಾಲಿ ಶೆಡ್ಡಿನಲ್ಲಿ ಅಡ್ಡ ಬರಲು ಒಂದು ಕಬ್ಬಿಣದ ತುಂಡೂ ಉಳಿದಿರಲಿಲ್ಲ, ಇಬ್ಬರೂ ಎರಡು ಸುತ್ತು ಹಾಕಿದೆವು. ಮಿಲ್ಲಿನಲ್ಲಿ ಎರಡು ದಶಕ ಪಗಾರದ ಬೆನ್ನು ಹತ್ತಿದವನು ನಾನು. ಪಗಾರ ನನ್ನ ಬೆನ್ನು ಹತ್ತಿದ್ದು ಅದೇ ಮೊದಲು.

ಗೇಟಿನ ಹತ್ತಿರ ಬರುವಷ್ಟರಲ್ಲಿ ವಾಚ್‌ಮನ್ ಕಾಕಾ ಸೀಟಿ ಊದಿ ನನ್ನನ್ನು ಹಿಡಿದರು. ಒಬ್ಬ ಓಡುತ್ತಿದ್ದಾನೆ, ಇನ್ನೊಬ್ಬ ಬೆನ್ನ ಹತ್ತಿದ್ದಾನೆ ಅಂದರೆ ಯಾವ ವಾಚ್‌ಮನ್ ಸುಮ್ಮನಿರುತ್ತಾನೆ?

"ಏನ ಕದ್ದೆಲೇ ಮಿಸ್ತ್ರಿ?"

"ಏನೂ ಕದ್ದಿಲ್ರಿ ಕಾಕಾ. ಪಗಾರ ಕೊಡಾಕತ್ತಾರ."

ಕಾಕಾ ನನ್ನ ಕಿಸೆಗಳನ್ನು ತಡವಿ ನೋಡಿದರು. ಒಂದರಲ್ಲೂ ಏನೂ ಇಲ್ಲ. ಮುಕಾದಮ ಏದುಸಿರು ಬಿಡುತ್ತ ಬಂದು ನಡೆದದ್ದು ಹೇಳಿದ. ಕಾಕಾ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಗೇಟಿನ ರಜಿಸ್ಟರು ತೆಗೆದು ಬರೆಯತೊಡಗಿದರು. ಮಿಲ್ಲು ಇಲ್ಲದಿದ್ದರೂ ಅದನ್ನು ಅವರು ಒಂದು ದಿನವೂ ಬಿಟ್ಟಿರಲಿಲ್ಲ.

ಮರುದಿನ ಮ್ಯಾನೇಜರ್ ಸಾಹೇಬರು ಪತ್ರ ಕೊಟ್ಟರು. ಇಂಗ್ಲಿಷಿನಲ್ಲಿತ್ತು. "ಬರೇ ಬಂದ್ ಆಗೇತಿ ಅಂತ ಬರದ್ರ ಬರಂಗಿಲ್ಲ ಅಂತ, ನಿನ್ನ ಬಗ್ಗೆ ನಾಕ ಚೊಲೊ ಮಾತೂ ಹಾಕೇನಿ" ಅಂದರು. ನಾನು ಕಾಲಿಗೆ ಬೀಳುವುದೊಂದು ಬಾಕಿ. ಅದನ್ನು ಮೇಡಂ ಮುಂದೆ ಇಟ್ಟೆ. ಅವರು ಓದಿ, ಪತ್ರವನ್ನು ಮೇಜಿನ ಮೇಲೆ ಇಟ್ಟು, ಅದರ ಮೇಲೆ ಅಂಗೈ ಇಟ್ಟುಕೊಂಡರು.

"ಮಿಲ್ ಎಂಟು ತಿಂಗಳ ಹಿಂದ ಬಂದ್ ಆಗೇತಿ ಅಂತ ಬರದಾರ. ಅದು ಬರೊಬ್ಬರಿ ಐತಿ. ಅದರ ಕೆಳಗ, ಈ ಮನುಷ್ಯಾ ನಿನ್ನೆ ಸಂಜೀತನಕ ಮಿಲ್ಲಿನ್ಯಾಗ ಭಾಳ ನಿಷ್ಠೆಯಿಂದ ಕೆ‌ಲಸ ಮಾಡ್ಯಾನ ಅಂತ ಬರದಾರ. ಏನ್ರಿ ಇದು?"

ನಡೆದದ್ದನ್ನೆಲ್ಲ ಹೇಳಿದೆ. ಒಂಬತ್ತು ದಿನ ದುಡಿದದ್ದು, ಪಗಾರಕ್ಕೆ ಹೆದರಿ ಓಡಿದ್ದು. ಹೇಳುತ್ತಿದ್ದ ಹಾಗೆ ನನಗೇ ಅದು ಸುಳ್ಳು ಅನ್ನಿಸಿತು. ಪಗಾರ ಬೇಡ ಅಂತ ಓಡಿದವನನ್ನು ಯಾರು ನಂಬುತ್ತಾರೆ?

"ನಂಬತೇನ್ರಿ" ಅಂದರು ಮೇಡಂ. "ಆದ್ರ ಕಾಗದ ಬೇಕ್ರೆಲ್ಲಾ."

ಆಗ ರಜಿಸ್ಟರು ನೆನಪಾಯಿತು. ಕಾಕಾನಿಗೆ ಫೋನು ಮಾಡಿದೆ. ಮರುದಿನ ಅವರು ರಜಿಸ್ಟರನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಬಂದರು. ಸಾಹೇಬರ ಮನೆಗೆ ಬಂದ ಹಾಗೆ ಚಪ್ಪಲಿ ಹೊರಗೆ ಬಿಟ್ಟು, ಪುಟ ತೆಗೆದು, ಮೇಡಂ ಮುಂದೆ ಹಿಡಿದರು. ಮೇಡಂ ಗಟ್ಟಿಯಾಗಿ ಓದಿದರು:

"ಸಂಜೆ ನಾಲ್ಕು ಹತ್ತು. ಮಿಸ್ತ್ರಿ ಓಡುತ್ತಿದ್ದ. ಹಿಡಿಯಲಾಯಿತು. ವಿಚಾರಿಸಲಾಗಿ, ಪಗಾರ ಕೊಡಲು ಬಂದ ಕಾರಣ ಓಡಿದೆ ಎಂದು ಹೇಳಿದ. ಕಿಸೆ ತಪಾಸಣೆ ಮಾಡಲಾಗಿ ಏನೂ ಸಿಗಲಿಲ್ಲ. ಎಚ್ಚರಿಕೆ ಕೊಟ್ಟು ಬಿಡಲಾಯಿತು."

ಓದಿ ಮುಗಿಸಿ ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೆಗಲು ಅಲುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಪುಟದ ಝೆರಾಕ್ಸ್ ತೆಗೆಸಿ ನನ್ನ ಅರ್ಜಿಗೆ ಪಿನ್ನು ಚುಚ್ಚಿ ಸಿಕ್ಕಾ ಹೊಡೆದರು.

ಇಪ್ಪತ್ತು ದಿನಕ್ಕೆ ಮೊಬೈಲಿಗೆ ಮೆಸೇಜು ಬಂತು. ಮಂಜೂರಾಗಿದೆ. ಸಂಜೆ ನಾನು ಬಸ್‌ಸ್ಟಾಪಿಗೇ ಹೋಗಿ ನಿಂತೆ. ಹೆಂಡತಿ ವಖಾರದ ಹೆಂಗಸರ ಜೊತೆ ಇಳಿದಳು. ಕೂದಲು, ಹುಬ್ಬು, ಕುಪ್ಪಸ ಎಲ್ಲ ತಂಬಾಕಿನ ಬಣ್ಣ. ನಾನು ಮೊಬೈಲು ತೋರಿಸಿ, ಇಪ್ಪತ್ತೈದು ವರ್ಷದ ಹಿಂದೆ ಅವಳ ಅವ್ವನಿಗೆ ಕೊಟ್ಟ ಮಾತಿನ ಭಾರ ಇಳಿಸಿದವನ ಹಾಗೆ ಹೇಳಿದೆ:

"ನಾಳಿಂದ ಹೋಗಬ್ಯಾಡ. ಕೆಲಸ ಬಿಟ್ಟೆ ಅಂತ ಹೇಳಿಬಿಡ."

ಅವಳು ಮೆಸೇಜನ್ನು ಎರಡು ಸಲ ನೋಡಿದಳು. ಕಣ್ಣು ಒರೆಸಿಕೊಂಡಳು. ಕೆಮ್ಮು ಬಂತು, ನನ್ನ ತೋಳು ಹಿಡಿದು ನಿಂತು ಅದನ್ನು ಮುಗಿಸಿದಳು.

"ಹೋಗಂಗಿಲ್ಲ. ಆದ್ರ ಬಿಟ್ಟೆ ಅಂತ ಹೇಳಂಗಿಲ್ರಿ. ಮೂರ ತಿಂಗಳ ರಜಾ ಅಂತ ಹೇಳತೇನಿ" ಅಂದಳು. "ನಿಮ್ಮೊಬ್ಬರನ್ನ ನಿರುದ್ಯೋಗಿ ಮಾಡೂದ್ರಾಗ ಎಂಟ ತಿಂಗಳ ಹ್ವಾದು. ಇಬ್ಬರನ್ನ ಮಾಡಾಕ ನನ್ನ ಕೈಲೆ ಆಗಂಗಿಲ್ಲ."